ಅಪಶಕುನದ ಹಕ್ಕಿ

ಬೆಂಗಳೂರಿನ ಕಬ್ಬನ್ ಪಾರ್ಕು 1870ರದು. ಸಂಜೆ ಅಲ್ಲಿನ ಹಳೇ ಮರದ ಪೊಟರೆಯಿಂದ ಎರಡು ಹಾಲಕ್ಕಿ ಗೂಬೆ ಇಣುಕಿದವು. ಗೊರವಂಕದಷ್ಟು ಗಾತ್ರ, ಬಿಳಿ ಚುಕ್ಕೆ, ಹಳದಿ ಕಣ್ಣು. ಕಾಗೆಗಳು ಕಿರುಚುತ್ತ ಮೇಲೆ ಬಿದ್ದವು. ಗೂಬೆಗಳು ಕದಲಲಿಲ್ಲ.

ನಮ್ಮ ಕೇರೀಲಿ ಗೂಬೆ ಕೂತ್ರೆ ಮನೆ ಹಾಳು ಅಂತಿದ್ರು. ನಾವೂ ಕಲ್ಲು ಬೀರಿದೆವು. ಬೆಳಿಗ್ಗೆದ್ದು ನಮ್ಮ ಮುಖ ಕಂಡರೆ ಊರೊಳಗಿನವರು 'ಹೋದ ಕೆಲಸ ಆಗಲ್ಲ' ಅಂತ ಉಗಿದು ಮನೆಗೆ ವಾಪಸಾಗೋರು. ಇಲಿ, ಹುಳ ತಿಂದು ಬೆಳೆ ಕಾಯುವ ಹಕ್ಕಿ ಅಪಶಕುನ. ಆ ಬೆಳೆ ಬೆಳೆದ ನಾವೂ ಅಪಶಕುನ. ಹಾಗಾದರೆ ಶಕುನ ಹೇಳಿದವರು ಯಾರು, ಕಣಜ ತುಂಬಿಕೊಂಡವರು ಯಾರು?

ನಮ್ಮ ಕೈಗೆ ಆ ಕಲ್ಲು ಕೊಟ್ಟ ನಂಬಿಕೆಯೇ ನಮ್ಮ ಮೇಲೂ ಕಲ್ಲು ಬೀರಿದ್ದು. ಮೇಷ್ಟ್ರುಗಳೇ, ಮಕ್ಕಳಿಗೆ ಇಷ್ಟು ಹೇಳಿ: ಕಲ್ಲು ಕೆಳಗಿಡಿ, ಹಕ್ಕಿಯನ್ನ ನೋಡಿ.