ಮೊದಲನೆಯ ಸುತ್ತು

ಟೆನ್ನಿಸ್ ಪಂದ್ಯಾವಳಿಯ ಕೀರ್ತಿಯೆಲ್ಲವೂ ಕೊನೆಯ ದಿನದ ಪಾಲು. ಗೆದ್ದ ತಟ್ಟೆಯನ್ನೋ ಬಟ್ಟಲನ್ನೋ ಎತ್ತಿ ಹಿಡಿದು ನಿಂತವಳ ಚಿತ್ರ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಓದುವವರು ಆ ಚಿತ್ರವೊಂದನ್ನು ನೋಡಿ ಆಟವನ್ನೆಲ್ಲ ನೋಡಿದಷ್ಟು ತೃಪ್ತಿಪಟ್ಟು ಹಾಳೆಯನ್ನು ಮಗುಚುತ್ತಾರೆ. ಆದರೆ ಲೆಕ್ಕ ಬಲ್ಲವನು ಬೇರೊಂದು ಮಾತನ್ನು ಹೇಳಿಯಾನು. ಆಸ್ಟ್ರೇಲಿಯ, ಫ್ರಾನ್ಸ್, ಇಂಗ್ಲಂಡ, ಅಮೆರಿಕ ಈ ನಾಲ್ಕು ದೇಶಗಳಲ್ಲಿ ವರ್ಷಕ್ಕೊಮ್ಮೆ ಜರುಗುವ ಮಹಾ ಪಂದ್ಯಾವಳಿಗಳಲ್ಲಿ ಪ್ರತಿಯೊಂದಕ್ಕೂ 128 ಜನ ಹೆಣ್ಣುಮಕ್ಕಳು ಒಂಟಿಯಾಟಕ್ಕೆ ನಿಲ್ಲುತ್ತಾರೆ. ಒಬ್ಬಳು ಉಳಿಯಬೇಕಾದರೆ 127 ಜನ ಸೋಲಬೇಕು; ಆದುದರಿಂದ ಆಟಗಳೂ 127. ಅವುಗಳಲ್ಲಿ 64 ಮೊದಲನೆಯ ಸುತ್ತಿನವು, 32 ಎರಡನೆಯ ಸುತ್ತಿನವು. ವಿಂಬಲ್ಡನ್ನಿನಲ್ಲಿ ಸೋಮವಾರ ಆಟ ಆರಂಭವಾಯಿತೆಂದರೆ, ಮಳೆ ಅಡ್ಡ ಬಾರದಿದ್ದಲ್ಲಿ, ಗುರುವಾರದ ಸಂಜೆಯ ಹೊತ್ತಿಗೆ 96 ಜನ ಗಂಟುಮೂಟೆ ಕಟ್ಟಿರುತ್ತಾರೆ. ಅವರಲ್ಲಿ 64 ಜನ ಒಂದಾಟವನ್ನೂ ಗೆಲ್ಲದೆ ಮರಳುವವರು. ಪಂದ್ಯಾವಳಿಯೆಂಬುದರ ಮುಕ್ಕಾಲು ಪಾಲು ಹೀಗೆ ಮೊದಲಿನ ಎರಡು ಸುತ್ತುಗಳಲ್ಲಿಯೇ ಮುಗಿಯುತ್ತದೆ. ಕಳಸವನ್ನು ಕಂಡು ಕೈಮುಗಿದವನು ಗುಡಿಯನ್ನು ಕಂಡನೆಂದು ಹೇಳಬಹುದೇ?

ಹುಬ್ಬಳ್ಳಿ-ಧಾರವಾಡದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಸಂಗೀತದ ಬೈಠಕ್ಕಿಗೆ ಭೈರವಿಯ ಹೊತ್ತಿಗೆ ಬಂದು ಕೂಡುವವನನ್ನು ಇಲ್ಲಿಯ ಶ್ರೋತೃವರ್ಗ ರಸಿಕನೆಂದು ಒಪ್ಪುವುದಿಲ್ಲ. ವಿಲಂಬಿತದಲ್ಲಿ ಸ್ವರಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಸ್ಥಾನವನ್ನು ಹಿಡಿಯುವುದನ್ನು ಯಾವನು ಕಾದು ಕೇಳಿದನೋ ಅವನಿಗೇ ದ್ರುತದ ಸುಖ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಳ್ಳುವ ಸಲುವಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದ ದಿನಗಳಿಲ್ಲದಿದ್ದರೆ, 1971ರ ಪದ್ಮಭೂಷಣವೂ ಇಲ್ಲ, 2002ರ ಪದ್ಮವಿಭೂಷಣವೂ ಇಲ್ಲ. ಚಪ್ಪಾಳೆಯಿಲ್ಲದ ಆ ರೈಲಿನ ಪಯಣವೇ ಆ ಬಾಳಿನ ಮೊದಲನೆಯ ಸುತ್ತು. ಗಾನದಲ್ಲಿ ಇಷ್ಟು ಚೆನ್ನಾಗಿ ತಿಳಿದ ಸಂಗತಿಯನ್ನು ಆಟದಲ್ಲಿ ಮರೆಯುವುದು ವಿಚಿತ್ರವೇ ಸರಿ.

ಈಗ ದೂರದರ್ಶನದ ದೆಸೆಯಿಂದ ಲಂಡನ್ನಿನ ಆಟ ಧಾರವಾಡದ ಪಡಸಾಲೆಗೂ ಬಂದಿದೆ. ನಾಲ್ಕು ಪಂದ್ಯಾವಳಿಗಳು ಮನೆಯ ನಾಲ್ಕು ಹೊತ್ತುಗಳನ್ನು ಹಂಚಿಕೊಂಡಂತೆ ಕಾಣುತ್ತದೆ. ಜನವರಿಯಲ್ಲಿ ಮೆಲ್ಬರ್ನ್ ನಗರದಲ್ಲಿ ಮುಂಜಾನೆ 11ಕ್ಕೆ ಚೆಂಡು ಪುಟಿದರೆ ಇಲ್ಲಿ ನಸುಕಿನ 5-30. ಅಂಗಳಕ್ಕೆ ನೀರು ಚಿಮುಕಿಸುವ ಹೊತ್ತು. ಪ್ಯಾರಿಸ್ಸಿನ ಕೆಮ್ಮಣ್ಣಿನ ಆಟ ಮೇ ತಿಂಗಳ ಮಧ್ಯಾಹ್ನ 2-30ಕ್ಕೆ, ಊಟದ ನಂತರದ ಜೊಂಪಿನಲ್ಲಿ. ವಿಂಬಲ್ಡನ್ನಿನ ಸಣ್ಣ ಅಂಗಣಗಳ ಆಟ 3-30ಕ್ಕೆ, ಚಹದ ಸಮಯಕ್ಕೆ ಸರಿಯಾಗಿ. ನ್ಯೂಯಾರ್ಕಿನದು ರಾತ್ರಿ 8-30ಕ್ಕೆ ಮೊದಲಾಗಿ ಎಲ್ಲರೂ ಮಲಗಿದ ಮೇಲೆಯೂ ನಡೆದಿರುತ್ತದೆ.

ಇವುಗಳಲ್ಲಿ ಧಾರವಾಡಕ್ಕೆ ತೀರ ಸಮೀಪವಾದದ್ದು ವಿಂಬಲ್ಡನ್ನು. ಹುಲ್ಲಿನ ಸಲುವಾಗಿ ಅಲ್ಲ, ಮಳೆಯ ಸಲುವಾಗಿ. ಜೂನ್ ಕೊನೆಗೆ ಇಲ್ಲಿಯೂ ಜಿಟಿಜಿಟಿ ಹಿಡಿದಿರುತ್ತದೆ; ಅಲ್ಲಿಯೂ ಹನಿ ಬಿದ್ದೊಡನೆ ಹುಲ್ಲಿನ ಮೇಲೆ ಹೊದಿಕೆಯನ್ನೆಳೆಯುತ್ತಾರೆ. ಆ ಮಳೆಯೊಳಗೂ ಒಂದು ನ್ಯಾಯವಿದೆ, ಅಥವಾ ಅನ್ಯಾಯವಿದೆ ಎನ್ನೋಣ. ನಟ್ಟನಡುವಿನ ಮುಖ್ಯ ಅಂಗಣಕ್ಕೆ 2009ರಲ್ಲಿ ಸರಿದು ಮುಚ್ಚುವ ಮಾಡು ಬಂದಿತು. ಒಂದನೆಯ ಅಂಗಣಕ್ಕೆ 2019ರಲ್ಲಿ. ಪಂದ್ಯ ನಡೆಯುವ ಅಂಗಣಗಳು ಒಟ್ಟು 18. ಉಳಿದ 16 ಅಂಗಣಗಳಿಗೆ ಆಕಾಶವೇ ಮಾಡು. ಹೆಸರಾದವರ ಆಟ ದೀಪದ ಬೆಳಕಿನಲ್ಲಿ ಸಾಗುತ್ತಿರುವಾಗ ಹೆಸರಿಲ್ಲದವರು ರ‍್ಯಾಕೆಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಳೆ ನಿಲ್ಲುವುದನ್ನು ಕಾಯುತ್ತ ಕುಳಿತಿರುತ್ತಾರೆ. ಅವರಲ್ಲಿ 16 ಜನ ಅದರ ಹಿಂದಿನ ವಾರ ರೋಹ್ಯಾಂಪ್ಟನ್ ಎಂಬಲ್ಲಿ ಮೂರು ಸುತ್ತುಗಳ ಅರ್ಹತಾ ಪಂದ್ಯಗಳನ್ನು ಗೆದ್ದು ಒಳಗೆ ಬಂದವರು. ಆ 16 ಸ್ಥಾನಗಳಿಗಾಗಿ ಅಲ್ಲಿಯೂ 128 ಜನ ಬಡಿದಾಡಿರುತ್ತಾರೆ. ಮೊದಲನೆಯ ಸುತ್ತಿಗೂ ಮೊದಲು ಇಷ್ಟು ಸುತ್ತುಗಳಿವೆಯೆಂಬುದು ಬಟ್ಟಲಿನ ಚಿತ್ರದಿಂದ ತಿಳಿಯುವಂತಿಲ್ಲ.

ಭಾರತದವರಿಗಂತೂ ಈ ಸುತ್ತುಗಳ ಮೇಲೆ ಹೆಚ್ಚಿನ ಮಮತೆ ಇರಬೇಕು. ಏಕೆಂದರೆ ಈ ದೇಶದ ಹೆಣ್ಣುಮಕ್ಕಳ ಒಂಟಿಯಾಟದ ಇತಿಹಾಸವೆಲ್ಲವೂ ಮೊದಲಿನ ನಾಲ್ಕು ಸುತ್ತುಗಳಲ್ಲಿಯೇ ಅಡಕವಾಗಿದೆ. 1934ರಲ್ಲಿ ಲೀಲಾ ರಾವ್ ಅವರು ವಿಂಬಲ್ಡನ್ನಿನ ಮೊದಲನೆಯ ಸುತ್ತಿನಲ್ಲಿ ಗ್ಲ್ಯಾಡಿಸ್ ಸೌತ್‌ವೆಲ್ ಎಂಬವಳನ್ನು ಮೂರು ಸೆಟ್ಟುಗಳಲ್ಲಿ ಸೋಲಿಸಿದರು. ಅಲ್ಲಿ ಒಂದು ಪಂದ್ಯವನ್ನು ಗೆದ್ದ ಮೊದಲನೆಯ ಭಾರತೀಯ ಮಹಿಳೆ ಅವರು. ಅವರ ತಾಯಿ ಪಂಡಿತಾ ಕ್ಷಮಾ ರಾವ್ ಅವರು ಗಾಂಧೀಜಿಯವರ ಹೋರಾಟವನ್ನು ಕುರಿತು ಸಂಸ್ಕೃತದಲ್ಲಿ ಕಾವ್ಯ ರಚಿಸಿದ ವಿದುಷಿ. ‘ಸತ್ಯಾಗ್ರಹಗೀತಾ’ 1932ರಲ್ಲಿ ಪ್ರಕಟವಾಯಿತು. ಆ ತಾಯಿಯೂ ಟೆನ್ನಿಸ್ ಆಡುತ್ತಿದ್ದರು. ಒಂದೇ ಮನೆಯಲ್ಲಿ ಅನುಷ್ಟುಪ್ ಛಂದಸ್ಸಿಗೂ ರ‍್ಯಾಕೆಟ್ಟಿಗೂ ಜಗಳವಿರಲಿಲ್ಲವೆಂಬುದನ್ನು, ಓದು ಕೆಟ್ಟೀತೆಂದು ಮಕ್ಕಳ ಆಟಕ್ಕೆ ಹೆದರುವ ಮನೆಗಳು ಮನಸ್ಸಿಗೆ ತಂದುಕೊಳ್ಳಬೇಕು. ಲೀಲಾ ರಾವ್ ಅವರು ಎರಡನೆಯ ಸುತ್ತಿನಲ್ಲಿ ಫ್ರಾನ್ಸಿನ ಇಡಾ ಅಡಮಾಫ್‌ಳಿಗೆ ಸೋತರು. ಮರುವರ್ಷ ಮೊದಲನೆಯ ಸುತ್ತನ್ನೇ ದಾಟಲಿಲ್ಲ. ಆದರೂ ಬಾಗಿಲು ಒಮ್ಮೆ ತೆರೆದಿತ್ತು.

ವೃತ್ತಿಪರರಿಗೂ ಮಹಾ ಪಂದ್ಯಾವಳಿಗಳ ಬಾಗಿಲು ತೆರೆದದ್ದು 1968ರಲ್ಲಿ. ಆ ಹೊಸ ಯುಗದಲ್ಲಿ ಮೊದಲನೆಯ ಸುತ್ತನ್ನು ದಾಟಿದ ಮೊದಲನೆಯ ಭಾರತೀಯಳು ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್. 1998ರಲ್ಲಿ ಮೆಲ್ಬರ್ನಿನಲ್ಲಿ ಇಟಲಿಯ ಗ್ಲೋರಿಯಾ ಪಿಟ್ಸಿಕೀನಿಯನ್ನು ಸೋಲಿಸಿದ ಆಕೆ, ಎರಡನೆಯ ಸುತ್ತಿನಲ್ಲಿ ಜಪಾನಿನ ಆಯ್ ಸುಗಿಯಾಮಾಳಿಗೆ ಸೋತಳು. 2005ರಲ್ಲಿ ಅದೇ ಊರಿನಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ ಎರಡು ಸುತ್ತುಗಳನ್ನು ಗೆದ್ದು, ಮೂರನೆಯದರಲ್ಲಿ ಸೆರೀನಾ ವಿಲಿಯಮ್ಸಳ ಎದುರು 1-6, 4-6 ಅಂತರದಿಂದ ಸೋತಳು. ಅದೇ ವರ್ಷ ನ್ಯೂಯಾರ್ಕಿನಲ್ಲಿ ನಾಲ್ಕನೆಯ ಸುತ್ತನ್ನು ಮುಟ್ಟಿದಳು. ಅದಕ್ಕಿಂತ ಮುಂದೆ ಒಂಟಿಯಾಟದಲ್ಲಿ ಈ ದೇಶದ ಹೆಣ್ಣುಮಗಳೊಬ್ಬಳು ಹೋದದ್ದಿಲ್ಲ. ಮುಂದೆ ಜೋಡಿಯಾಟದಲ್ಲಿ ಆಕೆ ಆರು ಮಹಾ ಪ್ರಶಸ್ತಿಗಳನ್ನು ಗೆದ್ದದ್ದೂ, 2023ರಲ್ಲಿ ಕೊಡಗಿನ ರೋಹನ ಬೋಪಣ್ಣನ ಜೊತೆಗೂಡಿ ಮೆಲ್ಬರ್ನಿನ ಮಿಶ್ರ ಜೋಡಿಯಾಟದ ಕೊನೆಯ ಪಂದ್ಯವನ್ನು ಆಡಿ ಮಹಾ ಪಂದ್ಯಾವಳಿಗಳಿಗೆ ವಿದಾಯ ಹೇಳಿದ್ದೂ ಎಲ್ಲರಿಗೆ ಗೊತ್ತಿದೆ. ಆದರೆ ದೇಶ ಆಕೆಯನ್ನು ಮೊದಲು ಕಂಡದ್ದು ಸೋತ ದಿನವೇ. 1-6ರ ನಂತರ 4-6 ಬಂದಿತಲ್ಲ, ಆ ಮೂರು ಗೇಮುಗಳ ಏರಿಕೆಯಲ್ಲಿ ಜನ ಏನನ್ನೋ ಗುರುತಿಸಿದರು.

ಗೆದ್ದವರೂ ಈ ಸುತ್ತಿಗೆ ಅಂಜಬೇಕು. 1994ರ ವಿಂಬಲ್ಡನ್ನಿನಲ್ಲಿ ಹಿಂದಿನ ವರ್ಷದ ವಿಜೇತೆ ಸ್ಟೆಫಿ ಗ್ರಾಫ್ ಮೊದಲನೆಯ ಸುತ್ತಿನಲ್ಲಿಯೇ ಲೋರಿ ಮೆಕ್‌ನೀಲ್‌ಳಿಗೆ ಸೋತಳು. 30 ವರ್ಷಗಳ ನಂತರ, 2024ರಲ್ಲಿ, ಮಾರ್ಕೆಟಾ ವೊಂಡ್ರೊಷೋವಾಳಿಗೂ ಅದೇ ಗತಿಯಾಯಿತು. ಎಮ್ಮಾ ರಡುಕಾನುವಿನ ಕಥೆಯಂತೂ ಪುರಾಣದಂತಿದೆ. 2021ರಲ್ಲಿ 18ರ ಆ ಹುಡುಗಿ ಅರ್ಹತಾ ಸುತ್ತುಗಳನ್ನು ಆಡಲು ನ್ಯೂಯಾರ್ಕಿಗೆ ಬಂದವಳು, ಅವು ಮುಗಿದೊಡನೆ ಊರಿಗೆ ಮರಳಲು ವಿಮಾನದ ಟಿಕೆಟ್ಟನ್ನೂ ಕಾಯ್ದಿರಿಸಿದ್ದಳು. ಮರಳಲಿಲ್ಲ. ಅರ್ಹತೆಯ ಮೂರು, ಮುಖ್ಯ ಪಂದ್ಯಾವಳಿಯ ಏಳು, ಹೀಗೆ ಹತ್ತು ಆಟಗಳನ್ನು ಒಂದೂ ಸೆಟ್ಟು ಕಳೆದುಕೊಳ್ಳದೆ ಗೆದ್ದು ಬಟ್ಟಲನ್ನು ಎತ್ತಿದಳು. ಕಥೆ ಇಲ್ಲಿಗೆ ನಿಂತರೆ ಅದು ಪತ್ರಿಕೆಯ ಚಿತ್ರ ಮಾತ್ರ. ಮರುವರ್ಷ ಅದೇ ನಗರದಲ್ಲಿ ಅವಳು ಮೊದಲನೆಯ ಸುತ್ತಿನಲ್ಲಿಯೇ ಸೋತಳು.

ಅವಳನ್ನು ಸೋಲಿಸಿದವಳ ಹೆಸರು ಅಲೀಜೆ ಕಾರ್ನೆ. ಮೊದಲನೆಯ ಸುತ್ತಿಗೆ ಒಬ್ಬ ಅಧಿದೇವತೆಯನ್ನು ಆರಿಸುವುದಾದರೆ ಈ ಫ್ರೆಂಚ್ ಹೆಣ್ಣುಮಗಳನ್ನೇ ಆರಿಸಬೇಕು. ಅವಳು ಒಂದನ್ನೂ ತಪ್ಪಿಸದೆ ಒಂದರ ಬೆನ್ನಿಗೊಂದರಂತೆ 69 ಮಹಾ ಪಂದ್ಯಾವಳಿಗಳ ಮುಖ್ಯ ಸುತ್ತಿನಲ್ಲಿ ಆಡಿದಳು. ಕೊನೆಯ ಎಂಟು ಜನರಲ್ಲಿ ಒಬ್ಬಳಾದದ್ದು ಒಂದೇ ಸಲ. ಅದೂ 63ನೆಯ ಪ್ರಯತ್ನದಲ್ಲಿ, 2022ರ ಜನವರಿಯಲ್ಲಿ. ಉಳಿದ 68 ಸಲವೂ ಅದಕ್ಕಿಂತ ಮೊದಲೇ ಮನೆಗೆ ಮರಳಿದವಳು. 2024ರಲ್ಲಿ ಪ್ಯಾರಿಸ್ಸಿನಲ್ಲಿ, ತನ್ನ ಜನರೆದುರು, ಮೊದಲನೆಯ ಸುತ್ತಿನಲ್ಲಿ ಸೋತು ಆಟವನ್ನು ಬಿಟ್ಟಳು. ಬಟ್ಟಲಿಲ್ಲದ ಈ ಬಾಳನ್ನು ಸೋಲೆಂದು ಕರೆಯಲು ಯಾರಿಗಾದರೂ ನಾಲಗೆ ಬಂದೀತೇ?

ಆದರೆ ಮನೆಗಳಲ್ಲಿ ನಾಲಗೆ ಬರುತ್ತದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ಗರಡಿಯ ಗಂಡಸರದು. ಹೆಣ್ಣಿಗೆ ಮಣ್ಣಾಗಲು ಮೀಸೆಯೇ ಇಲ್ಲದ್ದರಿಂದ ಅವಳ ಸೋಲಿಗೆ ಅಂಥ ಹಾಸ್ಯದ ಮರೆಯೂ ಇಲ್ಲ. ಗಂಡುಹುಡುಗ ಸೋತರೆ ‘ಮುಂದಿನ ಸಲ ನೋಡೋಣ’ ಎನ್ನುವ ಬಾಯಿಯೇ ಹುಡುಗಿ ಸೋತರೆ ‘ಇನ್ನು ಸಾಕು’ ಎನ್ನುತ್ತದೆ. ಈ ಎರಡು ಮಾತುಗಳ ನಡುವಿನ ಅಂತರವೇ ಎಷ್ಟೋ ಹುಡುಗಿಯರ ಆಟದ ಆಯುಸ್ಸು.

ಧಾರವಾಡದ ಒಂದು ಮನೆಯ ಸಂಗತಿ ಹೀಗಿದೆ. ಆ ಮನೆಯ ಹುಡುಗಿ ಹತ್ತು ವರ್ಷದವಳಿದ್ದಾಗಿನಿಂದ ಟೆನ್ನಿಸ್ ಕಲಿತವಳು. ಹದಿನಾಲ್ಕರಲ್ಲಿ ಅವಳನ್ನು ತಂದೆ ಬೆಂಗಳೂರಿನ ಒಂದು ಪಂದ್ಯಾವಳಿಗೆ ಕರೆದೊಯ್ದರು. ಹೋಗಲು ಒಂದು ರಾತ್ರಿ ರಾಣಿ ಚೆನ್ನಮ್ಮ ರೈಲು, ಬರಲು ಒಂದು ರಾತ್ರಿ. ನಡುವೆ ಒಂದು ತಾಸಿಗೂ ಕಡಿಮೆಯ ಆಟ. ಎರಡು ಸೆಟ್ಟುಗಳಲ್ಲಿ ಅವಳಿಗೆ ಬಂದ ಗೇಮುಗಳು ಮೂರು. ತಂದೆಯದು ಲೆಕ್ಕದ ಉದ್ಯೋಗ. ಟಿಕೆಟ್ಟು, ವಸತಿ, ಬೂಟು, ರ‍್ಯಾಕೆಟ್ಟಿನ ತಂತಿ ಇವನ್ನೆಲ್ಲ ಕೂಡಿಸಿ ಮೂರರಿಂದ ಭಾಗಿಸಿದರು. ಒಂದು ಗೇಮಿಗೆ ಬಿದ್ದ ಬೆಲೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ವಹಿಯಲ್ಲಿ ಬರೆದಿಟ್ಟರು. ತಾಯಿ ಏನು ಕೇಳಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಳು. ಕೇಳಿದವಳು ಅಜ್ಜಿ: “ಉಂಡಿಯೇನವ್ವಾ?” ಹುಡುಗಿ ಅತ್ತದ್ದು ಆಗ.

ಆ ರಾತ್ರಿ ಆ ಮನೆಯಲ್ಲಿ ‘ಇನ್ನು ಸಾಕು’ ಎಂಬ ಮಾತು ತುಟಿಯವರೆಗೆ ಬಂದಿತ್ತು. ಹತ್ತನೆಯ ಇಯತ್ತೆ ಸಮೀಪಿಸುತ್ತಿತ್ತು. ನೆಂಟರ ಮಕ್ಕಳು ಶಿಕವಣಿಗೆ ಸೇರಿದ್ದರು. ಆದರೆ ಅದು ವಿಂಬಲ್ಡನ್ನಿನ ಮೊದಲನೆಯ ವಾರ. ಮರುದಿನ ಮಳೆಯ ಮಧ್ಯಾಹ್ನ ತಾಯಿ ಮಗಳಿಬ್ಬರೂ ದೂರದರ್ಶನದ ಮುಂದೆ ಕುಳಿತರು. ಯಾವುದೋ ಸಣ್ಣ ಅಂಗಣ. ಇಬ್ಬರ ಹೆಸರೂ ಕೇಳಿದ್ದಲ್ಲ. ಒಬ್ಬಳು 1-6, 2-6 ಅಂತರದಿಂದ ಸೋತಳು. ಸೋತವಳು ಬಲೆಯ ಬಳಿಗೆ ಬಂದಳು, ಕೈ ಕುಲುಕಿದಳು, ಅಂಪೈರನಿಗೆ ವಂದಿಸಿದಳು, ತನ್ನ ಚೀಲವನ್ನು ತಾನೇ ಹೊತ್ತುಕೊಂಡು ನಡೆದಳು. “ನನಗಿಂತ ಅವಳಿಗೇನು ಹೆಚ್ಚು ಬಂದಿಲ್ಲ. ಮೂರೇ ಗೇಮು” ಎಂದಳು ಹುಡುಗಿ. ತಾಯಿ ಲೆಕ್ಕ ಹಾಕಿ ನೋಡಿದಳು, ಸರಿಯಾಗಿತ್ತು. ಜಗತ್ತಿನ ನೂರು-ಇನ್ನೂರು ಶ್ರೇಷ್ಠರಲ್ಲಿ ಒಬ್ಬಳಾದವಳಿಗೂ ಮೂರೇ ಗೇಮುಗಳು ಬರುವ ದಿನ ಬರುತ್ತದೆಯೆಂದು ಅವರಿಬ್ಬರಿಗೂ ಒಮ್ಮೆಲೆ ತಿಳಿಯಿತು. ‘ಇನ್ನು ಸಾಕು’ ಎಂಬ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಅವಳು ಮುಂದೆ ಮಹಾ ಆಟಗಾರ್ತಿಯಾದಳೆಂದು ಬರೆಯುವಂತಿಲ್ಲ, ಆಗಲಿಲ್ಲ. ಇನ್ನೂ ನಾಲ್ಕು ಪಂದ್ಯಾವಳಿಗಳಲ್ಲಿ ಆಡಿದಳು. ಮೂರರಲ್ಲಿ ಮೊದಲನೆಯ ಸುತ್ತಿನಲ್ಲಿಯೇ ಸೋತಳು. ಒಂದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತಳು. ಆ ಮನೆಯ 1934 ಅದು. ತಂದೆಯ ವಹಿಯಲ್ಲಿ ಆ ದಿನದ ಖರ್ಚಿನ ಎದುರು ಭಾಗಾಕಾರವಿಲ್ಲ. 2023ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ ಪುರುಷರ ಅಂತರರಾಷ್ಟ್ರೀಯ ಪಂದ್ಯಾವಳಿ ಜರುಗಿ ರಾಮಕುಮಾರ ರಾಮನಾಥನ್ ಒಂಟಿಯಾಟವನ್ನು ಗೆದ್ದಾಗ, ಕೊನೆಯ ದಿನ ಜನರೆಲ್ಲ ಹೋದರು. ಅವಳು ಮೊದಲನೆಯ ದಿನವೇ ಹೋಗಿ, ಸೋತು ಹೊರಗೆ ಬರುವವರಿಗೆ ಚಪ್ಪಾಳೆ ತಟ್ಟಿದಳು.

ಪಂದ್ಯಾವಳಿಯ ಪಟ್ಟಿಯಲ್ಲಿ ಗೆದ್ದವಳ ಹೆಸರಿನ ಪಕ್ಕಕ್ಕೆ ಸೋತವಳ ಹೆಸರೂ ಇರುತ್ತದೆ, ಅದನ್ನು ಅಳಿಸುವಂತಿಲ್ಲ. ವ್ಯಾಕರಣವೂ ಇದನ್ನೇ ಹೇಳುತ್ತದೆ. ‘ಸೋಲಿಸು’ ಎಂಬುದು ಸಕರ್ಮಕ ಧಾತು, ‘ಯಾರನ್ನು?’ ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಅದರ ವಾಕ್ಯ ಪೂರ್ಣವಾಗುವುದಿಲ್ಲ. ಲೀಲಾ ರಾವ್ ಅವರು 1934ರಲ್ಲಿ ಸೋಲಿಸಿದರು. ಯಾರನ್ನು? ಗ್ಲ್ಯಾಡಿಸ್ ಸೌತ್‌ವೆಲ್‌ಳನ್ನು. ಆ ದಿನ ಅವಳು ಅಂಗಣಕ್ಕೆ ಇಳಿಯದೆ ಹೋಗಿದ್ದರೆ ಆ ಇತಿಹಾಸಕ್ಕೆ ಕರ್ಮಪದವೇ ಇರುತ್ತಿರಲಿಲ್ಲ.