ಉಪ್ಪು, ಸಕ್ಕರೆ ಮತ್ತು ಒಂದು ಪೊರೆ

ಕೆಲವು ವರ್ಷಗಳ ಹಿಂದಿನ ವೈಶಾಖಮಾಸ. ರಾಯಚೂರಿನ ಬಿಸಿಲನ್ನು ತಾಳಲಾರದೆ ಎರಡು ವರ್ಷದ ಮಗನೊಡನೆ ದೇವದುರ್ಗಕ್ಕೆ, ಅತ್ತೆಯವರ ಮನೆಗೆ ಹೋಗಿದ್ದೆನು. ಅಲ್ಲಿಯ ಬಿಸಿಲೇನೂ ಕಡಮೆಯಲ್ಲವೆಂಬುದು ಬೇರೆ ಮಾತು. ಮಾನ್ವಿಯ ಬಂಧುಗಳು ಕಳುಹಿದ ಮಾವಿನಕಾಯಿಗಳನ್ನು ಅತ್ತೆಯವರು ಹೋಳು ಮಾಡಿ, ಉಪ್ಪು ಬೆರಸಿ ಜಾಡಿಯಲ್ಲಿಟ್ಟಿದ್ದರು. ಮರುದಿನ ನೋಡಿದರೆ, ಹನಿ ನೀರು ಹಾಕದಿದ್ದರೂ ಹೋಳುಗಳು ರಸದಲ್ಲಿ ಮುಳುಗಿದ್ದುವು.

ಆ ರಾತ್ರಿಯೇ ಮಗುವಿಗೆ ಭೇದಿ ಹತ್ತಿತು. ಬೆಳಗಿನ ಜಾವಕ್ಕೆ ಕಣ್ಣುಗಳು ಗುಳಿಬಿದ್ದುವು; ಅಳುವಿನಲ್ಲಿ ಕಣ್ಣೀರಿಲ್ಲ. ಮನೆಯಲ್ಲಿ ಔಷಧದ ಪೊಟ್ಟಣವೂ ಇರಲಿಲ್ಲ. ಉಪ್ಪುಸಕ್ಕರೆಯ ನೀರು ಕುಡಿಸಬೇಕೆಂದು ಎಲ್ಲಿಯೋ ಓದಿದ್ದೆನು. ಉಪ್ಪು ಹೆಚ್ಚಾದಷ್ಟೂ ಗುಣ ಹೆಚ್ಚೆಂದು ಬಗೆದು, ಒಂದು ತಂಬಿಗೆ ನೀರಿಗೆ ಹಿಡಿಯುಪ್ಪನ್ನೇ ಸುರಿದೆನು. ಅತ್ತೆಯವರು ಬೆರಳದ್ದಿ ನಾಲಗೆಗಿಟ್ಟು ಮುಖ ಸಿಂಡರಿಸಿದರು.

“ಇದೇನವ್ವಾ, ಕೂಸನ್ನೂ ಮಾವಿನಕಾಯಿ ಹಾಂಗ ಉಪ್ಪಿನ್ಯಾಗ ಹಾಕ್ತೀಯೇನು?”

ಅದನ್ನು ಚೆಲ್ಲಿ, ಕಾಯಿಸಿ ಆರಿಸಿದ ನೀರಿನಲ್ಲಿ ಬೇರೆ ಕಲಸಿದರು. ಕಣ್ಣೀರಿಗಿಂತ ಉಪ್ಪಾಗಬಾರದೆಂಬುದು ಅವರ ಅಳತೆ. ಚಮಚ ಚಮಚವಾಗಿ ಕುಡಿಸುತ್ತಲೇ ಬೆಳಗಾಯಿತು. ಮೊದಲ ಬಸ್ಸಿಗೆ ರಾಯಚೂರಿಗೆ ಬಂದೆವು.

ಅತ್ತೆಯವರ ಮಾತು ಬರಿಯ ಹಾಸ್ಯವಲ್ಲವೆಂದು ವೈದ್ಯರು ತಿಳಿಸಿದರು. ಪ್ರತಿಯೊಂದು ಜೀವಕೋಶಕ್ಕೂ ಎರಡು ಪದರದ ಕೊಬ್ಬಿನ ಪೊರೆಯುಂಟು. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಪೊರೆಯನ್ನು ದಾಟಿ ಹೊರಬರುವುದು. ಜಾಡಿಯಲ್ಲಿ ನಡೆದುದು ಇದೇ. ನನ್ನ ನೀರನ್ನು ಕುಡಿಸಿದ್ದರೆ ಮಗುವಿನ ಕರುಳಿನಲ್ಲಿಯೂ ಇದೇ ನಡೆದು, ಮೈನೀರು ಇನ್ನಷ್ಟು ಬತ್ತುತ್ತಿದ್ದಿತು. ಕೇಳಿ ನನ್ನ ಕೈಕಾಲು ತಣ್ಣಗಾದುವು.

ಹಾಗಾದರೆ ಉಪ್ಪೇಕೆ? ಉಪ್ಪಿನಲ್ಲಿರುವ ಸೋಡಿಯಂ ಕೊಬ್ಬಿನ ಪೊರೆಯನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ನೆಲೆನಿಂತ ಪ್ರೋಟೀನುಗಳೇ ಅದಕ್ಕೆ ಬಾಗಿಲು. ಕರುಳಿನ ಕೋಶಗಳಲ್ಲಿ ಇಂಥದೊಂದು ಬಾಗಿಲು ಸೋಡಿಯಂ ಮತ್ತು ಗ್ಲೂಕೋಸ್ ಜೊತೆಗೂಡಿ ಬಂದರೆ ಎರಡನ್ನೂ ಒಳಗೆ ಬಿಡುವುದು. ನಾವು ಹಾಕುವ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸನ್ನು ಕೊಡುವುದು. ಇವೆರಡರ ಬೆನ್ನಿಗೆ ನೀರು ತಾನೇ ಹೋಗುವುದು. ಕಾಲರಾದಂತಹ ಘೋರ ಭೇದಿಯಲ್ಲಿಯೂ ಈ ಬಾಗಿಲು ಕೆಡದೆ ಉಳಿಯುವುದೇ ನಮ್ಮ ಪುಣ್ಯ. ಈ ಜೊತೆಪ್ರಯಾಣವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ಪ್ರಾಗ್ ನಗರದ ಸಭೆಯೊಂದರಲ್ಲಿ ವಿವರಿಸಿದನು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು, ಕಾಲರಾ ಹಿಡಿದ ನಿರಾಶ್ರಿತರಿಗೆ ಇಂತಹ ನೀರನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ಸೋದರಿಯರೇ, ಅಳತೆಯನ್ನು ಬರೆದಿಟ್ಟುಕೊಳ್ಳಿರಿ: 1 ಲೀಟರು ಶುದ್ಧ ನೀರಿಗೆ ಸಣ್ಣ ಚಮಚದಲ್ಲಿ ಸಮಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪೊಟ್ಟಣ ದೊರೆತರೆ ಅದೇ ಮೇಲು. ಮಗು ಸೊರಗಿದ್ದರೆ ಕುಡಿಸುತ್ತಲೇ ವೈದ್ಯರಲ್ಲಿಗೆ ಹೊರಡಬೇಕು.

ಮಧ್ಯಾಹ್ನ ಮಗನು ಅತ್ತೆಯವರ ಮಡಿಲನ್ನು ತೋಯಿಸಿದನು. ಸೀರೆ ಬದಲಿಸಲೂ ಏಳದೆ ಅವರು ಹಾಗೆಯೇ ಕುಳಿತಿದ್ದರು. ದೇವದುರ್ಗದ ಜಾಡಿಗೆ ಖಾರ ಬಿದ್ದುದು ಎಂಟು ದಿನಗಳ ಮೇಲೆ.