ಐದಕ್ಷರದ ಊರು
ಭಾನುವಾರ ಶಂಕರಘಟ್ಟಕ್ಕೆ ಬಂದಾಗೆಲ್ಲ, ಕುವೆಂಪು ವಿವಿ ಹತ್ತಿರದ ನಮ್ಮನೆ ಜಗಲಿಯಲ್ಲಿ ಪಕ್ಕದ ಮನೆಯ ಪಿಯುಸಿ ಹುಡುಗಿಗೆ ರೂಬಿ ಹೇಳಿಕೊಡ್ತೀನಿ. ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಹೊರತಂದ ಭಾಷೆ. ಕೋಡ್ ಬರೆಯುವವರಿಗೆ ಖುಷಿ ಆಗಬೇಕು ಅನ್ನೋದು ಅವರ ಆಸೆ. ನಂಗಂತೂ ಆಗಿದೆ.

ಮೊನ್ನೆ ಅವಳು ಊರಿನ ಹೆಸರು ಟೈಪ್ ಮಾಡಿ, ಚುಕ್ಕಿ ಇಟ್ಟು ‘ಲೆಂತ್’ ಕೇಳಿದಳು. ಉತ್ತರ 8. ಬೆರಳು ಮಡಚಿ ಎಣಿಸಿದಳು: ಶಂ, ಕ, ರ, ಘ, ಟ್ಟ. “ಐದೇ ಅಲ್ವಾ ಅಣ್ಣ?”

ಸೊನ್ನೆ, ಎರಡು ಟ, ನಡುವಿನ ಹಲಂತ, ಎಲ್ಲಕ್ಕೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತ, ರೂಬಿ ಅದನ್ನೇ ಎಣಿಸುತ್ತೆ ಅಂದೆ. ಜಾಣತನ ತೋರಿಸೋಕೆ ‘ಗ್ರಾಫೀಮ್ ಕ್ಲಸ್ಟರ್ಸ್’ ಬಳಸಿದೆ. 6 ಬಂತು! ಒತ್ತಕ್ಷರ ಅದಕ್ಕೂ ಒಂದಾಗಿ ಕಾಣಲಿಲ್ಲ.

ಮೊದಲು ನಗು ಬಂತು, ಆಮೇಲೆ ಎದೆ ಚುಳುಕ್ ಅಂತು. ಹಿಂದಿನ ಕೆಲಸದಲ್ಲಿ, ‘ಲೆಂತ್’ ನೋಡಿ ಉದ್ದದ ಹೆಸರುಗಳನ್ನ ಕತ್ತರಿಸುವ ಕೋಡ್ ಬರೆದದ್ದು ನಾನೇ. ಟೆಸ್ಟ್ ಮಾಡಿದ್ದು ಬರೀ ಇಂಗ್ಲಿಷ್ ಹೆಸರಲ್ಲಿ, ಎಲ್ಲ ಪಾಸು. ಎಷ್ಟು ಜನರ ಹೆಸರಿನ ಕೊನೆಯ ಒತ್ತು ಹಾರಿಹೋಯ್ತೋ.

ಅವಳಿಗೆ ಹೇಳಿಬಿಟ್ಟೆ. “ಈಗ ಸರಿ ಮಾಡಕ್ಕಾಗಲ್ವಾ?” ಅಂದಳು. ಆ ಕೆಲಸ ಬಿಟ್ಟು ಎರಡು ವರ್ಷ. ಆದರೂ ಹಳೇ ಸಹೋದ್ಯೋಗಿಗೆ ಮೆಸೇಜ್ ಹಾಕಿದೆ. ಇನ್ನೂ ಉತ್ತರ ಬಂದಿಲ್ಲ.

ಅವಳೇ ಬರೆದ ಮೆಥಡ್ ಸಂಜೆಯೊಳಗೆ 5 ಅಂತು. ‘ರಾಷ್ಟ್ರ’ ಕೊಟ್ಟರೆ 2 ಬರುತ್ತಾ ಅಂತ ಈಗ ನೋಡ್ತಿದ್ದಾಳೆ.